ಹುಣಸೆ ತೊಪ್ಪಲು ಕಟ್ಟದ ಕೊಪ್ಪರಿಗೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ನೀಲಗಂಗವ್ವ. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಮೇಲೆಯೇ ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳುತ್ತೇನೆ. ತಪ್ಪಿದ್ದರೆ ಅದು ನನ್ನದು, ಶಿವ ಕ್ಷಮಿಸಲಿ.

ಕಂಚಿಹಾಳದ ಅರಸ ಒಂದು ದಿನ ಡಂಗುರ ಹೊಡೆಸಿದ: "ಕೇಳ್ರಪ್ಪೋ ಕೇಳ್ರಿ! ಬೈರಾಗಿ ಹೇಳಿ ಹೋದ ಮೂರು ಒಗಟುಗಳಿಗೆ ಉತ್ತರ ಹೇಳಿ, ಅದನ್ನು ಕಣ್ಣೆದುರು ತೋರಿಸಿದವರು ಬೇಡಿದ್ದನ್ನು ಪಡೆಯುವರು. ತಪ್ಪಿದವರ ತಲೆ ಕೋಟೆ ಬಾಗಿಲಿಗೆ!"

ಕಾರಣವೇನೆಂದರೆ, ಒಂದು ವರ್ಷದಿಂದ ಅರಮನೆಯವರ ಕೈಕಾಲಿಗೆ ಜೋಮು ಹಿಡಿದಿತ್ತು. ಉಂಗುರ ಜಾರಿ ಬಿದ್ದರೂ ಅರಸನಿಗೆ ತಿಳಿಯುತ್ತಿರಲಿಲ್ಲ. ರಾಜಕುಮಾರಿ ಚೆನ್ನಾಜಮ್ಮ ಕೆಂಡ ತುಳಿದು, ಕಮರು ವಾಸನೆ ಬಂದ ಮೇಲೆ ಕೆಳಗೆ ನೋಡಿದ್ದಳು. ಮೈಯ ಜೋಮು ಮನಸ್ಸಿಗೂ ಏರಿತ್ತು. ರಾಣಿ ತೀರಿಕೊಂಡಾಗ ಯಾರೂ ಅಳಲಿಲ್ಲ. ಆಗ ನಾಡಿ ಹಿಡಿದು ನೋಡಿದ ಬೈರಾಗಿಯೊಬ್ಬ, "ಈ ಮೂರು ಒಗಟು ಬಿಡಿಸಿದವನೇ ನಿಮ್ಮ ರೋಗ ಬಿಡಿಸುವವನು" ಎಂದು ಹೇಳಿ ಹೊರಟುಹೋದ.

ಮೊದಲು ಬಂದವನು ನೆರೆಯ ನಾಡಿನ ರಾಜಕುಮಾರ, ಮದುವೆಯ ಆಸೆಯವನು. ಚೆನ್ನಾಜಮ್ಮ ಏರಿಳಿತವಿಲ್ಲದ ದನಿಯಲ್ಲಿ ಕೇಳಿದಳು: "ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ತುಸು ಸಿಹಿ. ದಿನಾ ನಮ್ಮ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತಾನೆ, ಎದ್ದು ಹೋಗುವುದಿಲ್ಲ. ಯಾರವನು?"

"ಸಾವು!" ಎಂದ ರಾಜಕುಮಾರ, ಮೀಸೆ ತಿರುವಿ.

"ತೋರಿಸು."

ತೋರಿಸಲಾಗಲಿಲ್ಲ. ತಲೆ ಉರುಳಿತು. ಅರಸ ಎಲೆ ಅಡಿಕೆ ಜಗಿಯುತ್ತ ನೋಡಿದ. ಮರುದಿನ ಬಂದ ಪಂಡಿತ "ಪೂರ್ವಕರ್ಮ" ಎಂದ, ಶಾಸ್ತ್ರ ಬಿಚ್ಚಿದ. ಅವನ ತಲೆಯೂ ಹೋಯಿತು. ಅರಸ ಮತ್ತೊಂದು ಎಲೆಗೆ ಸುಣ್ಣ ಹಚ್ಚಿದ.

ಮೂರನೆಯ ದಿನ ಬಂದವನು ಊರ ಪಾತ್ರೆಗಳಿಗೆ ಕಲಾಯಿ ಹಾಕುವ ದಾವಲ. ಹೆಗಲಿಗೆ ತಿದಿಯ ಚೀಲ, ಮುಖವೆಲ್ಲ ಮಸಿ.

ಬಾಗಿಲ ಕಾವಲುಗಾರ ನಕ್ಕ. "ಏನೋ ದಾವಲಾ, ರಾಜಕುಮಾರಿಗೂ ಕಲಾಯಿ ಹಾಕಲಿಕ್ಕೆ ಬಂದೆಯಾ?"

"ಇಲ್ಲಣ್ಣ, ಅರಮನೆಯ ಅಡುಗೆ ಕೊಪ್ಪರಿಗೆ ನೋಡಲಿಕ್ಕೆ," ಎಂದು ದಾವಲ ಒಳಗೆ ನಡೆದ.

ಮೊದಲ ಒಗಟು ಕೇಳಿ, "ಅವನ ಹೆಸರು ಸೀಸ, ತಾಯಿ. ನೀವು ಉಣ್ಣುವ ಸಾರಿನಲ್ಲಿದ್ದಾನೆ. ತೋರಿಸುತ್ತೇನೆ, ಎರಡನೆಯದನ್ನೂ ಕೇಳಿಬಿಡಿ" ಎಂದ.

"ಹಲ್ಲಿಲ್ಲ, ಗಂಟಲಿಲ್ಲ, ಬೆರಳುದ್ದದ ನಾಲಿಗೆ. ನಮ್ಮ ನಾಲಿಗೆ ಮೋಸಹೋದಲ್ಲಿ ಅದು ಮೋಸಹೋಗದು. ಏನದು?"

ದಾವಲ ಸೊಂಟದಿಂದ ಒಂದು ಬಿದಿರ ಕಡ್ಡಿ ತೆಗೆದ. ಅದರ ಒಂದು ಮಗ್ಗುಲಿಗೆ ಬೆಳ್ಳಿ ತಂತಿ, ಇನ್ನೊಂದಕ್ಕೆ ಸತುವಿನ ಪಟ್ಟಿ. ಎರಡರ ತಲೆಯನ್ನೂ ಮೇಲೆ ಕೂಡಿಸಿ ಹೆಣೆದಿತ್ತು. "ಇದೇ ಆ ನಾಲಿಗೆ. ಸಂತೆಯಲ್ಲಿ ಕಲಾಯಿಯ ತವರಕ್ಕೆ ಸೀಸ ಬೆರೆಸಿ ಮಾರುತ್ತಾರೆ. ಕಳ್ಳಮಾಲು ಹಿಡಿಯಲು ನಮ್ಮಜ್ಜ ಮಾಡಿದ್ದು. ಹುಳಿಯಲ್ಲಿ ನಿಲ್ಲಿಸಿದರೆ ಸತು ಸವೆಯುತ್ತದೆ, ಅಡಗಿದ ಸೀಸ ಬಂದು ಬೆಳ್ಳಿಗೆ ಕೂಡುತ್ತದೆ."

ಕೊಪ್ಪರಿಗೆಯ ಹುಳಿಸಾರು ತರಿಸಿ ಒಂದು ಬಟ್ಟಲಲ್ಲಿ ಕಡ್ಡಿ ನಿಲ್ಲಿಸಿದ. ಮಣ್ಣಿನ ಗಡಿಗೆಯಲ್ಲಿ ಕುದಿಸಿದ ಹುಳಿಸಾರಿನಲ್ಲಿ ಅಂಥದೇ ಇನ್ನೊಂದು ಕಡ್ಡಿ. ಒಂದು ಗಳಿಗೆ ಕಾದ. ಆಮೇಲೆ ಎರಡೂ ಬೆಳ್ಳಿ ತಂತಿಗಳನ್ನು ಬಿಳಿ ಬಟ್ಟೆಯ ಮೇಲೆ ಎಳೆದ. ಗಡಿಗೆಯದು ಬರೆಯಲಿಲ್ಲ. ಕೊಪ್ಪರಿಗೆಯದು ಕಪ್ಪು ಗೆರೆ ಬರೆಯಿತು.

ಚೆನ್ನಾಜಮ್ಮ ಗೆರೆಯ ಮೇಲೆ ಬೆರಳಾಡಿಸಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. ಮೂರನೆಯದನ್ನು ಕೇಳಿದಳು: "ಮುಚ್ಚಿದ್ದರಿಂದಲೇ ಕಳ್ಳನನ್ನು ಒಳಗೆ ಬಿಟ್ಟ ಬಾಗಿಲು ಯಾವುದು?"

ದಾವಲ ತನ್ನ ತುಟಿ ಮುಟ್ಟಿ ತೋರಿಸಿದ.

"ಇದೇ. ನನ್ನ ಬಾಯಿ. ಅಡುಗೆಯ ಪಾತ್ರೆಯಾದರೆ ಅದರ ಕಿವಿಗೆ ಹುಣಸೆ ತೊಪ್ಪಲು, ಎಲೆಯ ಗೊಂಚಲು, ಕಟ್ಟಿ ನಮ್ಮಲ್ಲಿಗೆ ಕಳಿಸುವುದು ಊರ ಪದ್ಧತಿ. ಅದಕ್ಕೆ ಶುದ್ಧ ತವರ. ತೊಪ್ಪಲಿಲ್ಲದಿದ್ದರೆ ಸ್ನಾನದ ಹಂಡೆ ಅಂತ ತಿಳಿದು ಸೀಸ ಬೆರೆಸುತ್ತೇವೆ, ಬೇಗ ಕರಗಿ ಹರಿಯುತ್ತದೆ. ಹೋದ ವರ್ಷ ಅರಮನೆಯ ಕೊಪ್ಪರಿಗೆ ಬರಿದೇ ಬಂತು. ಅರಮನೆಗೆ ನಮ್ಮ ಪದ್ಧತಿ ಎಲ್ಲಿ ಗೊತ್ತು? ಯಾತಕ್ಕೆ ಅಂತ ಒಂದು ಮಾತು ಕೇಳಬೇಕಿತ್ತು. ದೊಡ್ಡವರನ್ನು ಏನು ಕೇಳುವುದೆಂದು ಬಾಯಿ ಮುಚ್ಚಿಕೊಂಡೆ. ಕಲಾಯಿ ಹಾಕಿದ್ದು ಈ ಕೈ."

ತಲೆ ಕಡಿಯುವ ಕಟುಕ ಕತ್ತಿಗೆ ಕೈಹಾಕಿದ. ಅರಸ ತಡೆದ. "ಇದನ್ನು ಹೇಳಿದರೆ ತಲೆ ಹೋದೀತೆಂಬ ಅಂಜಿಕೆ ಇರಲಿಲ್ಲವೇ?"

"ಇತ್ತು ದೊರೆ. ಹೇಳದಿದ್ದರೂ ಹೋಗುವುದಿತ್ತಲ್ಲ. ಹೇಳಿದರೆ ನಿಮ್ಮ ಸಾರಾದರೂ ನೆಟ್ಟಗಾದೀತು."

"ಅಪ್ಪಾಜಿ," ಎಂದಳು ಚೆನ್ನಾಜಮ್ಮ, "ಮೂರನ್ನೂ ತೋರಿಸಿದ್ದಾನೆ. ಬೇಡಿದ್ದು ಕೊಡಬೇಕು."

ದಾವಲ ಬೇಡಿದ್ದು ಕತ್ತೆ ಹೊರುವಷ್ಟು ಶುದ್ಧ ತವರ, ಕೊಪ್ಪರಿಗೆ ಕೆರೆದು ಮತ್ತೆ ಕಲಾಯಿ ಹಾಕಲು ಅಪ್ಪಣೆ. ಅರಸ ಎರಡನ್ನೂ ಕೊಟ್ಟು, ನಾಡಿನ ಪಾತ್ರೆಗಳನ್ನೆಲ್ಲ ಪರೀಕ್ಷಿಸುವ ಅಧಿಕಾರವನ್ನೂ ಕೊಟ್ಟ. ಹೊಸ ಕಲಾಯಿಗೆ ಕೊಪ್ಪರಿಗೆ ಹೊರಟಾಗ ಅದರ ಕಿವಿಗೆ ತೊಪ್ಪಲು ಕಟ್ಟಿದವಳು ಚೆನ್ನಾಜಮ್ಮ. ಜೋಮಿನ ಬೆರಳಿಗೆ ಗಂಟು ಕೂಡದೆ ಮೂರು ಸಲ ಬಿಚ್ಚಿ ಕಟ್ಟಿದಳು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಅರಸ ಬಿಸಿ ಸಾರಿನ ಬಟ್ಟಲು ಹಿಡಿದವನು ಥಟ್ಟನೆ ಕೈ ಬಿಟ್ಟ. "ಸುಟ್ಟಿತು," ಎಂದ. ಬೆರಳನ್ನೇ ನೋಡುತ್ತ ಕುಳಿತ. ಆಮೇಲೆ ಮಗಳತ್ತ ತಿರುಗಿ, "ತಲೆ ಕಡಿಸಿದೆವಲ್ಲ, ಆ ಇಬ್ಬರ ಹೆಸರೇನಿತ್ತು ತಾಯಿ? ನಾವು ಕೇಳಲೇ ಇಲ್ಲವಲ್ಲ" ಎಂದು, ಅವರಿಗಾಗಿಯೂ ರಾಣಿಗಾಗಿಯೂ ಅಂದು ಮೊದಲ ಸಲ ಅತ್ತ.

ಇಲ್ಲಿಗೆ ನೀಲಗಂಗವ್ವ ನಿಲ್ಲಿಸುತ್ತಿದ್ದರು. ಓದಿದವರು ಇದನ್ನು ನಿಮ್ಮ ಮನೆಯಲ್ಲಿ ಉಣ್ಣುವ ಮೊದಲು ಒಬ್ಬರಿಗಾದರೂ ಹೇಳಿ. ಕೇಳಿದವರು ಇನ್ನೊಬ್ಬರಿಗೆ ಹೇಳಲಿ.