ಗವಿಯ ಬಾಯಲ್ಲಿ ಸಿಕ್ಕಿಕೊಂಡ ಅಡವಯ್ಯ

ನದಿಯ ದಂಡೆಯಲ್ಲಿ ಒಂದು ಮಠ. ಮಠದ ಹಿಂದೆ ಗುಡ್ಡ, ಗುಡ್ಡದಲ್ಲಿ ಒಂದು ಗವಿ.

ಗವಿಗೆ ಎರಡು ಬಾಯಿ. ಒಂದರಿಂದ ತೆವಳಿ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬಂದ ಶಿಷ್ಯ ಮಾತ್ರ ಗುರುಗಳ ಮಣೆಯ ಮೇಲೆ ಕೂತು ಪಾಠ ಹೇಳಬಹುದು. ಆ ಮಠದ ಪದ್ಧತಿಯೇ ಹಾಗೆ.

ಅಡವಯ್ಯ ಎಂಬ ಶಿಷ್ಯ ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದ. ಅವನಿಗೆ ಬೇರೆ ಆಸೆಯೇ ಇರಲಿಲ್ಲ. ಸರದಿ ಬಂದ ದಿನ ತಲೆ ಒಳಗೆ ಹೋಯಿತು, ಹೆಗಲೂ ಹೋಯಿತು. ಹೊಟ್ಟೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಉಳಿದ ಶಿಷ್ಯರು ನಗು ತಡೆದುಕೊಂಡು ಕಾಲು ಹಿಡಿದು ಎಳೆದರು.

ಗುರುಗಳು ನಗಲಿಲ್ಲ. ಬರುವ ವರ್ಷ ಮತ್ತೆ ನೋಡೋಣ ಎಂದಷ್ಟೇ ಹೇಳಿ ಗುಡ್ಡ ಇಳಿದರು.

ಅಡವಯ್ಯ ಹೊಟ್ಟೆಬಾಕನೇನಲ್ಲ, ಪಾಪ. ಅವನ ಕಥೆಯೇ ಬೇರೆ.

ಬೆಳಗಿನ ಧ್ಯಾನಕ್ಕೆ ಕೂತವರು ಗುರುಗಳು ಗಂಟೆ ಅಲ್ಲಾಡಿಸುವ ತನಕ ಕಣ್ಣು ತೆರೆಯಬಾರದೆಂಬುದು ಮಠದ ನೇಮ. ಶಿಷ್ಯರು ಕಣ್ಣು ಮುಚ್ಚುವಾಗ ಗುರುಗಳು ಮಣೆಯ ಮೇಲಿರುತ್ತಿದ್ದರು, ತೆರೆದಾಗಲೂ ಅಲ್ಲೇ ಇರುತ್ತಿದ್ದರು. ಇಷ್ಟು ಹೊತ್ತು ಅಲುಗದೆ ಕೂರುವುದೇ ಗುರುಗಳ ದೊಡ್ಡಸ್ತಿಕೆ ಎಂದು ಅಡವಯ್ಯ ತೀರ್ಮಾನಿಸಿಬಿಟ್ಟ. ತಾನೂ ಹಾಗೇ ಆಗಬೇಕೆಂದು ಗಂಟೆಯಾದ ಮೇಲೂ ಏಳದೆ ಕೂತ.

ಆಕಳುಗಳಿಗೆ ನೀರು ಸೇದುವುದು ಅವನ ಪಾಲಿನ ಕೆಲಸವಾಗಿತ್ತು. ಅದನ್ನು ಎಂದೋ ಬಿಟ್ಟಿದ್ದ. ಈಗ ಯಾರು ಸೇದುತ್ತಾರೆ ಎಂದು ಕೇಳುವ ಗೋಜಿಗೂ ಹೋಗಿರಲಿಲ್ಲ. ಅವನು ಕುಡಿಯುವ ನೀರೂ ಕೂತಲ್ಲಿಗೇ ಬರುತ್ತಿತ್ತು.

ಗವಿಯಲ್ಲಿ ಸಿಕ್ಕಿಕೊಂಡ ಮೇಲೆ ಅವನು ರೊಟ್ಟಿ ಅರ್ಧ ಮಾಡಿದ. ಮೈಯಲ್ಲಿ ಕಸುವು ತಗ್ಗಿತು. ತಗ್ಗಿದಷ್ಟೂ ಹೆಚ್ಚು ಹೊತ್ತು ಗೋಡೆಗೆ ಒರಗಿ ಕೂತ. ಮೂಗಿನ ಮೇಲಿನ ನೊಣ ಓಡಿಸಲಿಕ್ಕೂ ಕೈ ಎತ್ತದ ಸ್ಥಿತಿ ಬಂತು. ಹೊಟ್ಟೆ ಮಾತ್ರ ಇದ್ದಷ್ಟೇ ಇತ್ತು.

ಕೊನೆಗೆ ಗುರುಗಳ ಎದುರು ನಿಂತು ಅತ್ತುಬಿಟ್ಟ.

"ಅಜ್ಜಾರ, ಮೊದಲು ನಿಮ್ಮಷ್ಟ ಉಣ್ತಿದ್ದೆ, ಈಗ ಅದರಾಗೂ ಅರ್ಧಾ ಉಣ್ತೀನ್ರಿ. ನಿಮ್ಮಕ್ಕಿಂತ ಹೆಚ್ಚು ಕೂಡ್ತೀನ್ರಿ. ನೀವು ತೆಳ್ಳಗ ಇದ್ದೀರಿ, ನಾ ಯಾಕ ಹಿಂಗಾದೆ?"

"ಒಲಿ ಉರಿ ತಗ್ಗಿಸಿ, ಸೌದಿ ಯಾಕ ಉಳೀತು ಅಂತ ಕೇಳ್ತೀಯಲ್ಲೋ" ಎಂದರು ಗುರುಗಳು.

ಅಡವಯ್ಯನಿಗೆ ಏನೂ ತಿಳಿಯಲಿಲ್ಲ.

"ನಾಳೆ ಧ್ಯಾನದಾಗ ಕಣ್ಣು ತೆರಕೊಂಡು ಕೂಡು."

"ನೇಮ ಮುರೀತೈತಲ್ರೀ?"

"ನೇಮ ಮಾಡಿದಾವ ನಾನ ಅದೀನಿ."

ಮರುದಿನ ಬೆಳಿಗ್ಗೆ ಎಲ್ಲರೂ ಕಣ್ಣು ಮುಚ್ಚಿದರು. ಅಡವಯ್ಯ ಮುಚ್ಚಲಿಲ್ಲ.

ಗುರುಗಳು ಸದ್ದಿಲ್ಲದೆ ಎದ್ದರು. ತುಟಿಯಲ್ಲಿ ಜಪ ನಡೆದೇ ಇತ್ತು. ಬಾವಿಗೆ ಹೋಗಿ ನೀರು ಸೇದಿ ಆಕಳುಗಳ ಮುಂದೆ ಇಟ್ಟರು. ಅಂಗಳದ ಎಲೆ ಗುಡಿಸಿದರು. ಬಂದು ಮಣೆಯ ಮೇಲೆ ಕೂತರು ಎನ್ನುವಷ್ಟರಲ್ಲಿ ಮತ್ತೆ ಎದ್ದು ಒಲೆಗೆ ಸೌದೆ ಹಾಕಿ ಬಂದರು. ಬಳ್ಳಿಯೊಂದು ಜೋತು ಬಿದ್ದಿತ್ತು, ಹೋಗಿ ಅದನ್ನು ಕಟ್ಟಿದರು. ಹೀಗೆ ಕೂರುವುದು ಏಳುವುದು ನಡೆದೇ ನಡೆಯಿತು. ಆಮೇಲೆ ಬಂದು ಕೂತು, ಉಸಿರು ಸರಿಮಾಡಿಕೊಂಡು, ಗಂಟೆ ಅಲ್ಲಾಡಿಸಿದರು.

ಎಲ್ಲರೂ ಕಣ್ಣು ತೆರೆದು, ಅಲುಗದೆ ಕೂತ ಗುರುಗಳಿಗೆ ಭಕ್ತಿಯಿಂದ ಕೈಮುಗಿದರು.

ಅಡವಯ್ಯನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಎಲ್ಲರೂ ಹೋದ ಮೇಲೆ ಕಾಲಿಗೆ ಬಿದ್ದು, ತನ್ನ ಕೆಲಸವನ್ನು ಅವರು ಮಾಡುತ್ತಿದ್ದುದಕ್ಕೆ ಕ್ಷಮೆ ಕೇಳಿದ.

"ಕ್ಷಮಾ ಯಾಕಪ್ಪಾ?" ಎಂದರು ಗುರುಗಳು. "ನಿನ್ನ ಕೆಲಸದಿಂದನ ನನ್ನ ಹೊಟ್ಟಿ ಬೆಳೀದ ಉಳದೈತಿ. ಇನ್ನ ಅದನ್ನ ನಿನಗ ಬಿಟ್ಟುಕೊಡಬೇಕಲ್ಲಾ ಅಂತ ಸಂಕಟ ನನಗ."

ಅಂದಿನಿಂದ ಬಾವಿಯ ಹಗ್ಗ ಅಡವಯ್ಯನ ಕೈಗೆ ಬಂತು. ಗುರುಗಳು ಅವನ ರೊಟ್ಟಿಯನ್ನೂ ಪೂರ್ತಿ ಮಾಡಿಸಿದರು. ಮೊದಮೊದಲು ಅವನು ಬಾವಿಕಟ್ಟೆಗೆ ಒರಗಿ ಏದುಸಿರು ಬಿಡುತ್ತಿದ್ದ. ಮಳೆಗಾಲ ಬರುವ ಹೊತ್ತಿಗೆ ಸೇದುತ್ತಲೇ ಜಪ ಮಾಡುವುದನ್ನು ಕಲಿತ. ಚಳಿಗಾಲಕ್ಕೆ, ಕೂತಲ್ಲಿ ಕಾಲು ನಿಲ್ಲದೆ, ಯಾರದೋ ಕೈಯ ಪೊರಕೆಯನ್ನೂ ಕಸಿದುಕೊಳ್ಳತೊಡಗಿದ. ಅವನೇನೂ ಕಡ್ಡಿಯಾಗಲಿಲ್ಲ. ದೊಡ್ಡ ಮೈಯವನು ದೊಡ್ಡ ಮೈಯವನಾಗಿಯೇ ಉಳಿದ. ಆದರೆ ಹೊಟ್ಟೆ ಒಳಗೆ ಸರಿದಿತ್ತು.

ಮತ್ತೆ ಗವಿಯ ದಿನ ಬಂತು. ಹೋದ ವರ್ಷ ಕಾಲು ಹಿಡಿದು ಎಳೆದವರು ಈ ಸಲವೂ ಸಿದ್ಧರಾಗಿ ಹಿಂದೆ ನಿಂತರು.

ತಲೆ ಹೋಯಿತು, ಹೆಗಲು ಹೋಯಿತು. ಹೊಟ್ಟೆ ಕಲ್ಲಿಗೆ ತಾಗಿತು. ಅಡವಯ್ಯ ಉಸಿರು ಬಿಗಿಹಿಡಿದು ಮೊಣಕೈ ಊರಿದ. ಹೊಟ್ಟೆಯೂ ಹೋಯಿತು. ಹಿಡಿಯಲು ಬಂದವರ ಕೈಗೆ ಕಾಲು ಸಿಗಲೇ ಇಲ್ಲ.

ಎಲ್ಲರೂ ಗುಡ್ಡ ಸುತ್ತಿ ಓಡಿದರು. ಆಚೆ ಬಾಯಿಂದ ಅಡವಯ್ಯ ಧೂಳು ಮೆತ್ತಿಕೊಂಡು, ತರಚಿದ ಮೈಯಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಾ ಹೊರಬಂದ. ಶಿಷ್ಯರು ಜಯಕಾರ ಹಾಕಿದರು. ಅವನನ್ನು ಹೊತ್ತುಕೊಂಡು ಹೋಗಲು ಬಂದರು. ಅವನು ಒಪ್ಪದೆ ಎಲ್ಲರಿಗಿಂತ ಮುಂದೆ ತಾನೇ ಗುಡ್ಡ ಇಳಿದ. ಅಂಥ ಸಂತೋಷ ಆ ಮಠ ಬಹಳ ವರ್ಷದಿಂದ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಗುರುಗಳು ತಮ್ಮ ಮಣೆಯನ್ನು ಅವನಿಗೆ ಬಿಟ್ಟುಕೊಟ್ಟರು. ಅಡವಯ್ಯ ಅದರ ಮೇಲೆ ನೆಟ್ಟಗೆ ಕೂತ. ಎದೆ ತುಂಬಿ ಬಂದಿತ್ತು. ಕಣ್ಣು ಮುಚ್ಚಿರೆಂದು ಶಿಷ್ಯರಿಗೆ ಹೇಳಿದ, ಎಲ್ಲರೂ ಮುಚ್ಚಿದರು. ಇದಕ್ಕಲ್ಲವೇ ಇಷ್ಟು ವರ್ಷ ಕಾದದ್ದು ಎಂದು ಅವನೂ ನಿಧಾನವಾಗಿ ಕಣ್ಣು ಮುಚ್ಚತೊಡಗಿದ.

ಗುರುಗಳು ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು:

"ಎಲ್ಲಾರೂ ಕಣ್ಣು ಮುಚ್ಚ್ಯಾರ. ಇನ್ನ ಏಳು."