ಕಿವಿ ಗುಂಯ್ ಎನ್ನುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳ ಮಣ್ಣು ಆರಿರಲಿಲ್ಲ. ನದಿಗೆ ಹರಿಯುವುದು ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ. ಗಾಳಿಗಂತೂ ಮನೆಮನೆ ಸುತ್ತಿ ಹರಟೆ ಹೊಡೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಆ ನದಿಯ ದಡದಲ್ಲಿ ಹೊನ್ನೆ ಎಂಬ ಪುಟ್ಟ ಹುಡುಗಿ ಇದ್ದಳು. ಅವಳ ಕಿವಿಯೊಳಗೆ, ತೀರಾ ಒಳಗೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಂದು ಮನೆ. ಅಲ್ಲಿ ಅಕ್ಕಪಕ್ಕದ ಬಾಗಿಲಲ್ಲಿ ಇಬ್ಬರು ವಾಸವಾಗಿದ್ದರು. ಒಬ್ಬ ನೂಲಣ್ಣ, ಒಬ್ಬಳು ಅಂಟಮ್ಮ. ಓದಿದವರು ಅವನನ್ನು ನರಕೋಶ, ಅವಳನ್ನು ಗ್ಲಿಯಾ ಕೋಶ ಎನ್ನುತ್ತಾರೆ. ನಮಗೆ ನೂಲಣ್ಣ, ಅಂಟಮ್ಮ ಎಂದರೆ ಸಾಕು.

ನೂಲಣ್ಣ ಉದ್ದಕ್ಕೆ, ತೆಳ್ಳಗೆ ಇದ್ದ. ಮನೆಗೆ ಬಂದ ಸದ್ದನ್ನು ಹೊತ್ತು ಮಿದುಳಿಗೆ ಮುಟ್ಟಿಸುವುದು ಅವನ ಕೆಲಸ. ಅಂಟಮ್ಮ ಎಲ್ಲಿಗೂ ಹೋಗುವವಳಲ್ಲ. ದಾರಿಯಲ್ಲಿ ಸದ್ದು ಚೆಲ್ಲಿಹೋಗದಂತೆ ಅವನಿಗೆ ಕಂಬಳಿ ಸುತ್ತಿ ಕಳಿಸುತ್ತಿದ್ದಳು, ಬಂದ ಮೇಲೆ ಬಿಸಿ ಗಂಜಿ ಬಡಿಸುತ್ತಿದ್ದಳು.

ಅವರಲ್ಲೊಂದು ರೂಢಿ ಇತ್ತು. ಹೊರಡುವಾಗಲೆಲ್ಲ ನೂಲಣ್ಣ ಅವಳ ಬಾಗಿಲಲ್ಲಿ ನಿಂತು, “ಅಕ್ಕಾ, ಹೊರಟೆ” ಎಂದು ಕೂಗಬೇಕು. ಆ ಕೂಗು ಬಿದ್ದ ಮೇಲೆಯೇ ಅಂಟಮ್ಮ ಒಲೆ ಹಚ್ಚುತ್ತಿದ್ದಳು. ಇದೇನೋ ಮರ್ಯಾದೆಯ ಮಾತು ಎಂದು ಇಬ್ಬರೂ ತಿಳಿದಿದ್ದರು.

ಒಂದು ದಿನ ಗಾಳಿ ಬಂತು. ಹೊನ್ನೆಗೆ ಕೋಗಿಲೆ ಕೇಳುವುದು ನಿನ್ನಿಂದ, ಅಮ್ಮನ ಹಾಡು ಕೇಳುವುದು ನಿನ್ನಿಂದ ಎಂದು ನೂಲಣ್ಣನನ್ನು ಅಟ್ಟಕ್ಕೇರಿಸಿತು. ಕೂತಲ್ಲೇ ಕೂತಿರುವ ಆ ಅಕ್ಕನಿಗೆ ಹೊತ್ತುಹೊತ್ತಿಗೂ ಹೇಳಿ ಹೋಗಬೇಕೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಆಚೆ ಮನೆಗೆ ಹೋಯಿತು. ಗಾಳಿಯ ಬುದ್ಧಿಯೇ ಅಷ್ಟು.

ನೂಲಣ್ಣನಿಗೆ ಅಷ್ಟು ಸಾಕಾಯಿತು. ಮರುದಿನ ಅವನು ಕೂಗಲಿಲ್ಲ. ಕಂಬಳಿಯನ್ನು ತಾನೇ ಎಳೆದು ಹೊದ್ದುಕೊಂಡು ಹೊರಟ.

ಅತ್ತ ಅಂಟಮ್ಮ, ಕೂಗು ಕೇಳದಿದ್ದರೂ ಹೊತ್ತಾಯಿತೆಂದು ಒಲೆ ಹಚ್ಚಲು ಕೂತಳು. ಹತ್ತಲಿಲ್ಲ. ಊದಿದಳು, ಊದಿದಳು, ಬರೀ ಹೊಗೆ. ಒಲೆಯನ್ನೂ ಹಚ್ಚಲಾಗದವಳು ಎಂದು ಅವನೆಲ್ಲಿ ನಗುತ್ತಾನೋ ಎಂದು ನಾಚಿ, ಬಾಗಿಲು ಮುಂದೆ ಮಾಡಿಕೊಂಡಳು. ನೂಲಣ್ಣ ಹಸಿದು ಬಂದು ನೋಡಿದ. ಗಂಜಿಯಿಲ್ಲ, ಬಾಗಿಲೂ ಮುಚ್ಚಿದೆ. ನನ್ನ ಹೆಸರು ದೊಡ್ಡದಾಯಿತೆಂದು ಇವಳಿಗೆ ಹೊಟ್ಟೆಕಿಚ್ಚು ಎಂದುಕೊಂಡ. ಇರಲಿ, ನನಗೇನು ಎಂದು ಹಸಿದೇ ಮಲಗಿದ.

ಹೀಗೇ ದಿನಗಳು ಕಳೆದವು. ಇವನು ಕೂಗಲಿಲ್ಲ, ಅವಳ ಒಲೆ ಹತ್ತಲಿಲ್ಲ. ನೂಲಣ್ಣ ಸೊರಗಿದ. ಅಂಟಮ್ಮನೂ ಸೊರಗಿದಳು, ಕಂಬಳಿಗೆ ತೇಪೆ ಹಾಕಲೂ ಅವಳಿಗೆ ಕೈ ಬರಲಿಲ್ಲ. ಹರಿದ ಕಂಬಳಿಯಿಂದ ಸದ್ದು ದಾರಿಯುದ್ದಕ್ಕೂ ಚೆಲ್ಲಿತು. ಅಮ್ಮನ ಹಾಡು ಹೊನ್ನೆಗೆ ಅರ್ಧವೇ ಮುಟ್ಟುತ್ತಿತ್ತು. ಈ ಮಗು ಕರೆದರೆ ತಿರುಗಿಯೇ ನೋಡುವುದಿಲ್ಲವಲ್ಲ ಎಂದು ಅಮ್ಮ ಕೊರಗಿದಳು.

ಒಂದು ಮಧ್ಯಾಹ್ನ ಹೊನ್ನೆ ನದಿಗೆ ಬೆನ್ನು ಹಾಕಿ ಮರಳಿನಲ್ಲಿ ಆಡುತ್ತಿದ್ದಳು. ಮೇಲೆಲ್ಲೋ ಮಳೆಯಾಗಿ ನದಿಗೆ ನೀರು ಬಂತು. ಬರುವ ನೀರಿನ ದಾರಿಯಲ್ಲೇ ಮಗು ಕೂತಿದೆ. ನದಿಗೆ ಹೆದರಿಕೆಯಾಯಿತು.

“ಏಳು ಮಗಳೇ, ದಡ ಹತ್ತು. ನಾನು ಬರ್ತಾ ಇದ್ದೀನಿ, ನಂಗೆ ನಿಲ್ಲೋಕೆ ಬರಲ್ಲ” ಎಂದು ನದಿ ಭೋರ್ಗರೆಯಿತು.

ಆ ಕೂಗು ಸುರುಳಿ ಮನೆಗೆ ಬಂದು ಬಿತ್ತು. ಅಷ್ಟು ಭಾರದ ಸದ್ದನ್ನು ನೂಲಣ್ಣ ಎಂದೂ ಹೊತ್ತಿರಲಿಲ್ಲ. ಹೇಗೋ ಎತ್ತಿಕೊಂಡ, ಅರ್ಧ ದಾರಿಯಲ್ಲಿ ಕುಸಿದುಬಿದ್ದ. ತಾನು ಏಳದಿದ್ದರೆ ಹೊನ್ನೆ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆಗ ಬಿಗುಮಾನವೆಲ್ಲ ಬಿಟ್ಟು, ಬಿದ್ದಲ್ಲಿಂದಲೇ ಕೂಗಿದ.

“ಅಕ್ಕಾ, ನನ್ ಕೈಲಿ ಆಗ್ತಿಲ್ಲ. ಬಾ.”

ಮತ್ತೆ ಮತ್ತೆ ಕೂಗಿದ. ಹೊನ್ನೆಗೆ ಕಿವಿಯೊಳಗೆ ಗುಂಯ್ ಎಂದಿತು. ಆಡುವುದನ್ನು ನಿಲ್ಲಿಸಿ ಅವಳು ಕಿವಿ ಮುಟ್ಟಿಕೊಂಡಳು.

ಅಂಟಮ್ಮನ ಒಲೆ ತಾನೇ ತಾನಾಗಿ ಹತ್ತಿಕೊಂಡಿತು. ಅವಳು ಬಿಸಿ ಗಂಜಿ ಹಿಡಿದು ಓಡಿಬಂದಳು, ನೂಲಣ್ಣನಿಗೆ ಕುಡಿಸಿದಳು, ಹರಿದ ಕಂಬಳಿಯ ಮೇಲೆ ತನ್ನ ಸೆರಗನ್ನೇ ಸುತ್ತಿದಳು. ನೂಲಣ್ಣ ಎದ್ದ. ಗುಂಯ್ ನಿಂತಿತು. ನದಿಯ ಮಾತು ಒಂದು ಹನಿಯೂ ಚೆಲ್ಲದೆ ಮಿದುಳಿಗೆ ಮುಟ್ಟಿತು. ಹೊನ್ನೆ ಎದ್ದು ಓಡಿ ದಡ ಹತ್ತಿದಳು. ಪಾದವಷ್ಟೇ ಒದ್ದೆಯಾಗಿತ್ತು.

ಕೆಲಸ ಮುಗಿಸಿ ಬಂದ ನೂಲಣ್ಣ ಅಂಟಮ್ಮನ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂತ. ನಾಚಿಕೆಯಿಂದ ಅವನ ಕಣ್ಣು ತುಂಬಿತ್ತು. ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂದುಕೊಂಡಿದ್ದೆ ಎಂದು ಒಪ್ಪಿಕೊಂಡ.

“ಕಿಚ್ಚು ಇದ್ದಿದ್ರೆ ಒಲೆನಾದ್ರೂ ಹತ್ತುತ್ತಿತ್ತಲ್ಲೋ,” ಎಂದಳು ಅಂಟಮ್ಮ. “ನಿನ್ ದನಿ ಕೇಳದೆ ನನ್ ಒಲೆ ಹತ್ತಲ್ಲ. ನಂಗೂ ಇವತ್ತೇ ಗೊತ್ತಾಗಿದ್ದು.”

ಅಂದಿನಿಂದ ಯಾರ ಕಿವಿಯೊಳಗೂ ನೂಲಣ್ಣ ಹೇಳದೆ ಹೊರಟಿದ್ದಿಲ್ಲ. ಮೆಲ್ಲಗೆ ಹೇಳಿ ಹೋಗುತ್ತಾನೆ, ಅದು ನಮಗೆ ಕೇಳಿಸುವುದಿಲ್ಲ. ಹೊರಲಾರದ ಸದ್ದು ಬಂದು ಬಿದ್ದಾಗ ಮಾತ್ರ ಜೋರಾಗಿ ಕೂಗುತ್ತಾನೆ.

ಅದಕ್ಕೇ ಪುಟ್ಟಾ, ದೀಪಾವಳಿಯಲ್ಲಿ ಪಕ್ಕದಲ್ಲೇ ಪಟಾಕಿ ಢಂ ಎಂದರೆ ನಿನ್ನ ಕಿವಿ ಇವತ್ತಿಗೂ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತದೆ. ಆಗ ಇನ್ನೊಂದು ಪಟಾಕಿ ಹಚ್ಚದೆ ಸುಮ್ಮನೆ ಕೂತುಕೋ, ಒಳಗೆ ಅಂಟಮ್ಮ ಗಂಜಿ ಹಿಡಿದು ಬರುತ್ತಿರುತ್ತಾಳೆ.