ಬಿದಿರಿಗೆ ಗೆಣ್ಣು ಬಂದ ಕತೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ಹೆಸರಿರಲಿಲ್ಲ, ಬಿದಿರಿಗೆ ಗೆಣ್ಣಿರಲಿಲ್ಲ. ಬುಡದಿಂದ ತುದಿಯವರೆಗೆ ಒಂದೇ ನುಣುಪಾದ ಕೊಳವೆ. ಕಂಪ್ಯೂಟರ್ ಮುಂದೆ ಮುಖ ಊದಿಸಿಕೊಂಡು ಕೂತಿದ್ದೀಯಲ್ಲ ಇಂಪನಾ, ನೀನೂ ಕೇಳು.

ಒಂದು ದಿನ ಗೀಜಗ ಹಕ್ಕಿ ಬಂದು ಕೇಳಿತು, "ಬಿದಿರಣ್ಣಾ, ಮಳೆ ಹಿಡಿಯೋದರೊಳಗೆ ಹಾವಿಗೆ ಎಟುಕದಷ್ಟು ಎತ್ತರ ಬೆಳೀತೀಯಾ? ಹೋದ ಸಲ ನಮ್ಮ ಮೊಟ್ಟೆಯೆಲ್ಲ ಅದರ ಪಾಲಾಯ್ತು."

"ಬೆಳೀತೀನಿ" ಎಂದಿತು ಬಿದಿರು. ಮಾತು ಕೊಟ್ಟಾಯಿತು.

ಬಿದಿರು ಬೆಳೆಯಿತು. ಗಾಳಿ ಬೀಸಿತು. ಬಿದಿರು ಬುಡದವರೆಗೂ ಸೀಳಿಹೋಯಿತು. ಮತ್ತೆ ಮಣ್ಣಿನಿಂದ ಎದ್ದು ಬೆಳೆಯಿತು. ಮತ್ತೆ ಗಾಳಿ ಬೀಸಿತು, ಮತ್ತೆ ಸೀಳಿಹೋಯಿತು.

"ನನ್ನ ಮೇಲೆ ನಿನಗೇನು ಹಗೆ?" ಎಂದು ಬಿದಿರು ಕೇಳಿತು.

"ಹಗೆ ಏನೂ ಇಲ್ಲಪ್ಪ. ಬೀಸೋದು ನನ್ನ ಕೆಲಸ" ಎಂದಿತು ಗಾಳಿ.

ಗೀಜಗ ಹೇಳಿತು, "ಅಣ್ಣಾ, ಗೂಡು ಹೆಣೆಯುವಾಗ ನಾನು ಅಲ್ಲಲ್ಲಿ ಗಂಟು ಹಾಕ್ತೀನಿ. ಬಿಚ್ಚಿಕೊಂಡರೂ ಗಂಟಿನವರೆಗೇ ಬಿಚ್ಚೋದು. ನೀನೂ ಭೂಮಿತಾಯಿಯ ಹತ್ತಿರ ಗಂಟು ಹಾಕಿಸಿಕೋ. ಆದರೆ ಅವಳಿಗೆ ಉದ್ದ ಮಾತು ಆಗೋದಿಲ್ಲ. ಬೆಳೆದದ್ದನ್ನು ತೋರಿಸಿ, ಇಷ್ಟು ಗಂಟಿಗೆ ಬರಲಿ ಅಂತ 'ಸೇರಿಸು' ಅನ್ನು. ಆಮೇಲೆ 'ಗಂಟು ಹಾಕು' ಅಂತ ಹೇಳಿ, ಏನು ಬೆಳೆದೆ ಅನ್ನೋದನ್ನೂ ಹೇಳು."

ಬಿದಿರು ಬಾಗಿ ಕೈಮುಗಿಯಿತು. "ಅಮ್ಮಾ, ದಯವಿಟ್ಟು ನನ್ನ ಕಷ್ಟ ಸ್ವಲ್ಪ..."

"ತಿಳಿಯಲಿಲ್ಲ" ಎಂದಳು ಭೂಮಿತಾಯಿ.

"ಸೇರಿಸು!"

ಭೂಮಿತಾಯಿ ಸುಮ್ಮನಿದ್ದಳು. ಕೆಲಸ ಆಯಿತೆಂದು ಬಿದಿರು ಹಿಗ್ಗಿ, ಇನ್ನೊಂದು ಮಾತನ್ನು ಮರೆತು, ಸರ್ರನೆ ಮೇಲೇರಿತು. ಗಾಳಿ ಬಂತು. ಮತ್ತೆ ಬುಡದವರೆಗೂ ಸೀಳು.

"ಸೇರಿಸು ಅಂದುಬಿಟ್ಟರೆ ಆಯ್ತಾ? ಗಂಟು ಎಲ್ಲಿ?" ಎಂದು ಗೀಜಗ ಚೀರಿತು. ಆಗಲೇ ಮೊದಲ ಮಳೆಹನಿ ಬಿದ್ದಿತ್ತು. ಗೀಜಗದ ಹೆಂಡತಿಗೆ ಮೊಟ್ಟೆ ಇಡುವ ಹೊತ್ತು ಹತ್ತಿರವಾಗಿತ್ತು.

ಬಿದಿರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೆ ಅದು ಅಳುತ್ತ ಕೂರಲಿಲ್ಲ. ಒಂದಿಷ್ಟು ಬೆಳೆದು ನಿಂತಿತು.

"ಸೇರಿಸು. ಗಂಟು ಹಾಕು, ಹುಲ್ಲಿಗಿಂತ ಎತ್ತರವಾದೆ."

"ಗಂಟು ಬಿತ್ತು" ಎಂದಳು ಭೂಮಿತಾಯಿ.

ಇನ್ನೊಂದಿಷ್ಟು ಬೆಳೆಯಿತು. "ಸೇರಿಸು. ಗಂಟು ಹಾಕು, ಪೊದೆ ದಾಟಿದೆ."

"ಬಿತ್ತು."

ಗಾಳಿ ಮೈಯೆಲ್ಲ ಬಲ ಮಾಡಿಕೊಂಡು ಬಂತು. ತುದಿ ಮುರಿಯಿತು, ಸೀಳು ಸರಸರನೆ ಕೆಳಗಿಳಿಯಿತು. ಗಂಟಿನ ಹತ್ತಿರ ಬಂದು ನಿಂತುಬಿಟ್ಟಿತು!

ಬಿದಿರು ಈ ಸಲ ಮಣ್ಣಿಗೆ ಹಿಂತಿರುಗಲಿಲ್ಲ. ಅದೇ ಗಂಟಿನಿಂದ ಹೊಸ ಕವಲು ಚಾಚಿತು. "ಸೇರಿಸು. ಗಂಟು ಹಾಕು, ಮುರಿದಲ್ಲಿಂದಲೇ ಹೊರಟೆ." ಮಳೆ ಜೋರಾಗುವ ಹೊತ್ತಿಗೆ ಗೀಜಗದ ಗೂಡು ಆ ಕವಲಿನ ತುದಿಯಲ್ಲಿ ತೂಗುತ್ತಿತ್ತು. ಹಾವು ಕೆಳಗೆ ಕತ್ತು ಚಾಚಿ ನೋಡಿ, ಎಟುಕದೆ ಹೊರಟುಹೋಯಿತು.

ಇಂಪನಾ, ನೀನು ಕಷ್ಟಪಟ್ಟು ಬರೆದ ಆಟದ ಪ್ರೋಗ್ರಾಂ ಅಳಿಸಿಹೋಯಿತೆಂದು ನನಗೂ ಸಂಕಟವಾಯಿತು ಕಣೇ. ಕಣ್ಣೊರೆಸಿಕೊಂಡು ಆ ಕಪ್ಪು ಪರದೆಯಲ್ಲಿ ಮತ್ತೆ ಶುರು ಮಾಡು. ಬರೆದಷ್ಟನ್ನು ಕಾಪಿಡಲು 'ಆಡ್', ಅಂದರೆ 'ಸೇರಿಸು', ಅಂದಾಗ ಅದು ಸುಮ್ಮನಿದ್ದರೆ ಮೋಸಹೋಗಬೇಡ, 'ಕಮಿಟ್' ಅಂತ ಹೇಳಿ, ಏನು ಬರೆದೆ ಅನ್ನೋದನ್ನೂ ಹೇಳುವವರೆಗೆ ಗಂಟು ಬಿದ್ದಿಲ್ಲ. ಅನುಮಾನ ಬಂದರೆ ಕಿಟಕಿಯಾಚೆ ನೋಡು: ಅಂದು ಹಾಕಿಸಿಕೊಂಡ ಗಂಟುಗಳೇ ಇಂದಿಗೂ ಬಿದಿರಿನ ಮೈತುಂಬ ಗೆಣ್ಣಾಗಿ ನಿಂತಿವೆ, ಅದರ ಕವಲು ಒಡೆಯುವುದೂ ಆ ಗೆಣ್ಣಿನಿಂದಲೇ.